ಹತ್ತು ಹೆಸರು, ಒಂದು ಎಲೆ

ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗುವ ದಾರಿಯಲ್ಲಿ ನಮ್ಮ ಚಿಕ್ಕಪ್ಪನ ಟೊಮೆಟೊ ತೋಟವಿದೆ. ಒಂದು ಬೇಸಿಗೆಯಲ್ಲಿ ನಾನು ಹೋದಾಗ ಗಿಡದ ಎಲೆಗಳು ಅಂಚಿನಿಂದ ಸುಟ್ಟಂತೆ ಕಂದಾಗಿದ್ದವು. ನನ್ನ ಫೋನಿನಲ್ಲಿ ಬೆಳೆರೋಗ ಗುರುತಿಸುವ ಆ್ಯಪ್ ಒಂದಿತ್ತು. ಒಂದು ಎಲೆ ಕಿತ್ತು ಅಂಗೈ ಮೇಲಿಟ್ಟು ಫೋಟೊ ತೆಗೆದೆ. ಎರಡೇ ಸೆಕೆಂಡಿಗೆ ಉತ್ತರ ಬಂತು: ತಡ ಅಂಗಮಾರಿ, ನೂರಕ್ಕೆ 96 ಖಾತ್ರಿ. ಚಿಕ್ಕಪ್ಪ ಫೋನಿನತ್ತ ನೋಡಲೂ ಇಲ್ಲ. ಎಲೆಯನ್ನು ಇಸಿದುಕೊಂಡು ಸೂರ್ಯನಿಗೆ ಅಡ್ಡ ಹಿಡಿದ. ಎರಡು ಪದರದ ನಡುವಿನ ಹಸಿರೆಲ್ಲ ಖಾಲಿಯಾಗಿ, ಎಣ್ಣೆ ಹತ್ತಿದ ಕಾಗದದ ಹಾಗೆ ಬೆಳಕು ದಾಟುವ ತೇಪೆ; ಅದರೊಳಗೆ ಸಾಸಿವೆಗಿಂತ ಸಣ್ಣ ಕರಿ ಹಿಕ್ಕೆ. "ಊಜಿ ಕಣೋ ಇದು. ಈ ಉರಿಬಿಸಿಲಲ್ಲಿ ಅಂಗಮಾರಿ ಎಲ್ಲಿಂದ ಬರ್ತದೆ?" ಅಂದ.

ನಮ್ಮ ಕಡೆ ಊಜಿ ಅನ್ನುವುದು ಟ್ಯೂಟಾ ಅಬ್ಸೊಲ್ಯೂಟಾ ಎಂಬ ಪತಂಗದ ಮರಿಹುಳುವನ್ನು. ದಕ್ಷಿಣ ಅಮೆರಿಕದ ಈ ಕೀಟ ಭಾರತದಲ್ಲಿ ಕಂಡದ್ದು 2014ರಲ್ಲಿ. ಕೋಲಾರ ರೇಷ್ಮೆಯ ಜಿಲ್ಲೆಯಲ್ಲವೇ, ರೇಷ್ಮೆಹುಳುವನ್ನು ಕಾಡುವ ಊಜಿ ನೊಣದ ಹೆಸರನ್ನೇ ಹೊಸ ಪೀಡೆಗೂ ಅಂಟಿಸಿಬಿಟ್ಟರು. ಜೀವಶಾಸ್ತ್ರದ ಪ್ರಕಾರ ಒಂದು ಪತಂಗ, ಇನ್ನೊಂದು ನೊಣ, ಎರಡಕ್ಕೂ ಸಂಬಂಧವಿಲ್ಲ. ಆದರೂ ರೈತನಿಗೆ ಹೆಸರಿತ್ತು. ಆ್ಯಪಿಗೆ ಇರಲಿಲ್ಲ. ಅದರ ಪಟ್ಟಿ ತೆರೆದು ನೋಡಿದೆ: ಟೊಮೆಟೊಗೆ ಹತ್ತು ಖಾನೆ, ಒಂಬತ್ತು ರೋಗ-ಪೀಡೆ, ಹತ್ತನೆಯದು 'ಆರೋಗ್ಯವಂತ'. ಊಜಿ ಯಾವ ಖಾನೆಯಲ್ಲೂ ಇಲ್ಲ. ಇಲ್ಲದ ಹೆಸರನ್ನು ಅದು ಹೇಳುವುದಾದರೂ ಹೇಗೆ? ಇರುವ ಹತ್ತರಲ್ಲಿ ಹತ್ತಿರದ್ದನ್ನು ಆರಿಸಿ, ಗಟ್ಟಿ ದನಿಯಲ್ಲಿ ಹೇಳಿತು.

ಒಂದು ವಸ್ತುವನ್ನು ಎರಡಕ್ಕಿಂತ ಹೆಚ್ಚು ಹೆಸರುಗಳಲ್ಲಿ ಒಂದರ ಕೆಳಗೆ ಹಾಕುವ ಈ ಕೆಲಸಕ್ಕೆ ಯಂತ್ರಕಲಿಕೆಯವರು ಬಹುವರ್ಗ ವಿಂಗಡಣೆ ಅನ್ನುತ್ತಾರೆ. 'ಹೌದು-ಅಲ್ಲ' ಎಂಬ ಎರಡು ಖಾನೆಯ ಪ್ರಶ್ನೆಗೆ ಒಳ್ಳೆಯ ವಿಧಾನಗಳು ಬಹಳ ಹಿಂದೆಯೇ ಇದ್ದವು. ಖಾನೆ ಹತ್ತಾದಾಗ ಏನು ಮಾಡಬೇಕು ಎಂಬಲ್ಲಿ ದಾರಿ ಕವಲೊಡೆಯುತ್ತದೆ.

ಒಂದು ದಾರಿ, ಎಲ್ಲವನ್ನೂ ಒಟ್ಟಿಗೆ ಕೇಳುವುದು. ಒಂದೇ ಮಾದರಿ, ಅದರ ತುದಿಯಲ್ಲಿ ಸಾಫ್ಟ್‌ಮ್ಯಾಕ್ಸ್ ಎಂಬ ಸೂತ್ರ. ಅದರ ಲೆಕ್ಕ ಹೀಗೆ: ಕೈಯಲ್ಲಿ ಒಂದು ರೂಪಾಯಿ ಇದೆ, ಎದುರಿಗೆ ಹತ್ತು ಜನ ನಿಂತಿದ್ದಾರೆ, ಪೂರ್ತಿ ರೂಪಾಯಿಯನ್ನು ಅವರಿಗೇ ಹಂಚಿ ತೀರಿಸಬೇಕು. ಯಾರಿಗೂ ಸಲ್ಲದು ಎಂದು ನಾಲ್ಕಾಣೆ ಜೇಬಿಗೆ ಹಾಕಿಕೊಳ್ಳುವ ಹಾಗಿಲ್ಲ. ನನ್ನ ಫೋನು ಹೇಳಿದ 96, ಆ ಹತ್ತು ಜನರ ನಡುವಿನ ಪಾಲು ಮಾತ್ರ.

ಇನ್ನೊಂದು ದಾರಿ, ದೊಡ್ಡ ಪ್ರಶ್ನೆಯನ್ನು ಸಣ್ಣ 'ಹೌದು-ಅಲ್ಲ'ಗಳಾಗಿ ಒಡೆಯುವುದು. ಒಂದೊಂದು ರೋಗಕ್ಕೂ ಒಬ್ಬ ಕಾವಲುಗಾರ. ಅಂಗಮಾರಿಯ ಕಾವಲುಗಾರನಿಗೆ ಅಂಗಮಾರಿ ಬಿಟ್ಟರೆ ಜಗತ್ತೆಲ್ಲ 'ಉಳಿದದ್ದು'. ಹತ್ತು ಖಾನೆಗೆ ಹತ್ತು ಕಾವಲು. ಇದಕ್ಕೆ ಒಂದರ ಎದುರು ಉಳಿದೆಲ್ಲ ಎಂಬ ಹೆಸರು. ಅಥವಾ ಜೋಡಿ ಜೋಡಿಯಾಗಿ ಕುಸ್ತಿಗೆ ಬಿಡಬಹುದು: ಹತ್ತು ಖಾನೆಗೆ 45 ಕುಸ್ತಿ, ಹೆಚ್ಚು ಗೆದ್ದವನು ಪೈಲ್ವಾನ. ಖಾನೆ 38 ಆದರೆ 703 ಕುಸ್ತಿ. ಅಷ್ಟು ಆಡಿಸುವ ತಾಳ್ಮೆ ಕಂಪ್ಯೂಟರಿಗೆ ಇದೆ, ಅದು ತೊಂದರೆಯಲ್ಲ. ಅಂಗಮಾರಿಯನ್ನೂ ಮೊಸಾಯಿಕ್ ನಂಜನ್ನೂ ಕುಸ್ತಿಗೆ ಬಿಟ್ಟ ಅಖಾಡಕ್ಕೆ ಊಜಿಯ ಎಲೆ ತಂದುಕೊಟ್ಟರೆ ಅಲ್ಲಿಯೂ ಒಬ್ಬ ಗೆದ್ದೇ ಗೆಲ್ಲುತ್ತಾನೆ ಎಂಬುದು ತೊಂದರೆ.

38ರ ಲೆಕ್ಕ ನಾನು ಗಾಳಿಯಿಂದ ಹಿಡಿದದ್ದಲ್ಲ. ಪ್ಲಾಂಟ್‌ವಿಲೇಜ್ ಎಂಬ ಚಿತ್ರಸಂಗ್ರಹವಿದೆ. 14 ಬೆಳೆಗಳ 54,306 ಎಲೆಗಳ ಫೋಟೊ, 38 ಖಾನೆ. ಅದರಲ್ಲಿ ಹತ್ತು ಖಾನೆ ಟೊಮೆಟೊವಿನದೇ. ಮೊಹಂತಿ, ಹ್ಯೂಸ್, ಸಲಾಥೆ ಎಂಬ ಮೂವರು 2016ರಲ್ಲಿ ಇದರ ಮೇಲೆ ಪಳಗಿಸಿದ ನರಜಾಲ, ಅದೇ ಸಂಗ್ರಹದಿಂದ ಎತ್ತಿಟ್ಟ ಫೋಟೊಗಳಲ್ಲಿ ನೂರಕ್ಕೆ 99.35 ಸರಿ ಹೇಳಿತು. ಬೇರೆ ಕಡೆಯ, ಬೇರೆ ಬೆಳಕಿನ ಫೋಟೊ ಕೊಟ್ಟಾಗ ಅದೇ ಮಾದರಿ ಸುಮಾರು 31ಕ್ಕೆ ಇಳಿಯಿತು. ಇದನ್ನು ಅವರೇ ಬರೆದುಕೊಂಡಿದ್ದಾರೆ, ಮುಚ್ಚಿಟ್ಟಿಲ್ಲ. ಸಂಗ್ರಹದ ಎಲೆಗಳೆಲ್ಲ ಗಿಡದಿಂದ ಕಿತ್ತು, ಒಂದೇ ಬಣ್ಣದ ಹಿನ್ನೆಲೆಯ ಮೇಲೆ ಹರಡಿ ತೆಗೆದವು. ನಮ್ಮ ತೋಟದ ಎಲೆಯ ಹಿಂದೆ ಹನಿ ನೀರಾವರಿಯ ಪೈಪು, ಮಲ್ಚಿಂಗ್ ಶೀಟು, ನನ್ನ ಅಂಗೈ. ಸಾದಾ ಹಿನ್ನೆಲೆಯ ಎಲೆ ನೋಡಿ ಕಲಿತವನು ತೋಟದಲ್ಲಿ ತಡವರಿಸಿದ.

ಆದರೂ ಒಟ್ಟಿಗೆ ಕೇಳುವ ದಾರಿಯನ್ನು ಇಷ್ಟಕ್ಕೇ ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ. ಅದರ ಪರವಾಗಿ ಹೇಳಬೇಕಾದ ಮೊದಲ ಮಾತು, ಹತ್ತು ಖಾನೆಗಳು ಒಂದೇ ಕಣ್ಣನ್ನು ಹಂಚಿಕೊಳ್ಳುತ್ತವೆ. ಚುಕ್ಕೆ ಎಂದರೇನು, ಅಂಚು ಎಂದರೇನು, ಹಳದಿ ಯಾವುದು ಎಂಬುದನ್ನು ಮಾದರಿ ಒಮ್ಮೆ ಕಲಿತರೆ ಎಲ್ಲ ರೋಗಕ್ಕೂ ಬಂತು. ಪ್ಲಾಂಟ್‌ವಿಲೇಜ್‌ನಲ್ಲಿ ಟೊಮೆಟೊವಿನ ಹಳದಿ ಎಲೆಮುದುಡು ನಂಜಿನ ಫೋಟೊ 5,000ಕ್ಕೂ ಹೆಚ್ಚಿವೆ. ಮೊಸಾಯಿಕ್ ನಂಜಿನವು 400ಕ್ಕೂ ಕಡಿಮೆ. ಮೊಸಾಯಿಕ್‌ಗೆ ಬೇರೆಯೇ ಕಾವಲುಗಾರನನ್ನು ಸೊನ್ನೆಯಿಂದ ತಯಾರು ಮಾಡಿದರೆ ಅವನು ನೋಡುವುದು ಒಂದು ಹಿಡಿ ಮೊಸಾಯಿಕ್, ಒಂದು ಬಂಡಿ 'ಉಳಿದದ್ದು'. ಸದಾ 'ಅಲ್ಲ' ಅನ್ನುವುದನ್ನು ಕಲಿತು ಸೋಮಾರಿಯಾಗುತ್ತಾನೆ. ಅಂಕವೂ ಚೆನ್ನಾಗಿಯೇ ಬೀಳುತ್ತದೆ. ಎರಡನೆಯದು, ಹೋಲಿಕೆ. ಮುಂಚಿನ ಅಂಗಮಾರಿಯ ಕಲೆಯಲ್ಲಿ ಗುರಿಹಲಗೆಯಂತೆ ಉಂಗುರದೊಳಗೆ ಉಂಗುರ ಇರುತ್ತದೆ. ಟಾರ್ಗೆಟ್ ಸ್ಪಾಟ್ ಎಂಬ ಇನ್ನೊಂದು ರೋಗದ ಕಲೆಯೂ ಹಾಗೆಯೇ. ಎರಡನ್ನೂ ಪಕ್ಕಪಕ್ಕ ಇಟ್ಟು ತೂಗಿದವನಿಗೆ ಮಾತ್ರ ಕೂದಲೆಳೆಯ ವ್ಯತ್ಯಾಸ ಗೊತ್ತಾಗುತ್ತದೆ. ಬೇರೆ ಬೇರೆ ಗುಡಿಸಲಲ್ಲಿ ಕುಳಿತ ಕಾವಲುಗಾರರಿಬ್ಬರೂ 'ನನ್ನದೇ' ಎಂದರೆ ಯಾರ ತಕ್ಕಡಿಯನ್ನು ನಂಬುವುದು? ಒಬ್ಬನ 80, ಇನ್ನೊಬ್ಬನ 80 ಒಂದೇ ಅಳತೆ ಎಂದು ಯಾರು ಹೇಳಿದರು?

ಈ ಜಗಳ ಪಂಡಿತರ ನಡುವೆಯೂ ನಡೆದಿದೆ. ಹ್ಸು ಮತ್ತು ಲಿನ್ ಎಂಬವರು 2002ರಲ್ಲಿ ವಿಧಾನಗಳನ್ನು ಪಕ್ಕಪಕ್ಕ ಇಟ್ಟು ಪರೀಕ್ಷಿಸಿ, ವ್ಯವಹಾರಕ್ಕೆ ಜೋಡಿಕುಸ್ತಿಯೇ ವಾಸಿ ಎಂದರು. ರಿಫ್ಕಿನ್ ಮತ್ತು ಕ್ಲೌಟಾವು 2004ರಲ್ಲಿ 'ಒಂದರ ಎದುರು ಉಳಿದೆಲ್ಲ'ದ ಪರ ವಕಾಲತ್ತು ವಹಿಸಿ, ಒಳಗಿನ ಎರಡು ಖಾನೆಯ ಯಂತ್ರವನ್ನು ಚೆನ್ನಾಗಿ ಶ್ರುತಿ ಮಾಡಿದರೆ ಈ ಹಳೆಯ ಸರಳ ಉಪಾಯ ಯಾವುದಕ್ಕೂ ಕಡಿಮೆಯಲ್ಲ ಎಂದು ವಾದಿಸಿದರು. ಎರಡೂ ಕಡೆಯವರನ್ನು ಓದಿದರೆ ನನಗೆ ಅನಿಸುವುದು, ಅಂಕದ ಅಂತರ ಇವರ ಜಗಳದಷ್ಟು ದೊಡ್ಡದಲ್ಲ.

ಜೀವಶಾಸ್ತ್ರದಲ್ಲಿ 'ಒಂದರ ಎದುರು ಉಳಿದೆಲ್ಲ' ವಿಧಾನದ ಹೆಸರಾಂತ ಪ್ರಯೋಗ 2001ರದು. ರಾಮಸ್ವಾಮಿ ಮತ್ತು ಸಂಗಡಿಗರು 14 ಬಗೆಯ ಕ್ಯಾನ್ಸರ್ ಗಡ್ಡೆಗಳನ್ನು ಜೀನುಗಳ ಚಟುವಟಿಕೆ ನೋಡಿ ಬೇರ್ಪಡಿಸಲು ಹೊರಟರು. ಹದಿನಾಲ್ಕು ಕಾವಲುಗಾರರನ್ನು ಇಟ್ಟರು. ನೂರಕ್ಕೆ 78 ಸರಿಬಂತು. ಕಣ್ಣುಮುಚ್ಚಿ ಹೇಳಿದ್ದರೆ ಹತ್ತರೊಳಗೆ ನಿಲ್ಲುತ್ತಿತ್ತು. ಆ 78ಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ: ಮೂಲ ಅಂಗಾಂಶದ ಗುರುತೇ ಅಳಿಸಿಹೋದಷ್ಟು ಕೆಟ್ಟ ಗಡ್ಡೆಗಳು ಬಂದಾಗ ಕಾವಲುಗಾರರ ದನಿ ಕುಗ್ಗಿತು. ಹದಿನಾಲ್ವರೂ ಗೊಣಗಿದರು, ಯಾರೂ ಗಟ್ಟಿಯಾಗಿ 'ನನ್ನದು' ಅನ್ನಲಿಲ್ಲ. ಪಠ್ಯಪುಸ್ತಕಗಳು ಇದನ್ನು ಈ ವಿಧಾನದ ದೋಷ ಎಂದು ಬರೆಯುತ್ತವೆ: ಯಾರೂ ಹೌದೆನ್ನದ ಜಾಗ, ಇಬ್ಬರೂ ಹೌದೆನ್ನುವ ಜಾಗ, ಎರಡೂ ಗೊಂದಲದ ವಲಯ. ತೋಟದಲ್ಲಿ ನಿಂತವನಿಗೆ ಆ ಎರಡು ಜಾಗವೇ ಮುಖ್ಯ. ಯಾರೂ ಹೌದೆನ್ನದಿದ್ದರೆ ಊಜಿಯಂಥ ಹೊಸಬ ಬಂದಿರಬಹುದು. ಇಬ್ಬರು ಹೌದೆಂದರೆ ಒಂದೇ ಗಿಡಕ್ಕೆ ಎರಡು ರೋಗ ತಗುಲಿರಬಹುದು, ಅದೇನು ಅಪರೂಪವಲ್ಲ. ಬಿಳಿನೊಣ ತಂದ ಎಲೆಮುದುಡು ಇರುವ ಗಿಡಕ್ಕೆ ಅಂಗಮಾರಿ ಬರಬಾರದೆಂಬ ಕಾನೂನಿದೆಯೇ?

ಕೆಜಿಎಫ್‌ನವರಿಗೆ ಒಂದಕ್ಕಿಂತ ಹೆಚ್ಚು ಖಾನೆಗೆ ಸೇರುವ ಈ ಕಷ್ಟ ಬೇರೆ ರೂಪದಲ್ಲಿ ಗೊತ್ತು. ಮನೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಬೈಯುವುದು ಮೂರರಲ್ಲೂ. ಗಣತಿಯವರು ಬಂದು ಮಾತೃಭಾಷೆ ಒಂದೇ ಹೇಳಿ ಅನ್ನುತ್ತಾರೆ. ರಾಬರ್ಟ್‌ಸನ್‌ಪೇಟೆಯ ಮನುಷ್ಯ ಆಗ ತನ್ನನ್ನು ತಾನೇ ಸಾಫ್ಟ್‌ಮ್ಯಾಕ್ಸ್ ಮಾಡಿಕೊಳ್ಳಬೇಕಾಗುತ್ತದೆ.

ಸಸ್ಯಶಾಸ್ತ್ರಜ್ಞರು ಕಂಪ್ಯೂಟರಿಗಿಂತ ಎಷ್ಟೋ ಮೊದಲು ಮೂರನೆಯ ದಾರಿ ಹಿಡಿದವರು. 1778ರಲ್ಲಿ ಲಾಮಾರ್ಕ್ ಫ್ರಾನ್ಸಿನ ಸಸ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಕವಲುಕೀಲಿ ಇದೆ. ನಮ್ಮಲ್ಲಿ ಫಾದರ್ ಸಲ್ಡಾನ ಮತ್ತು ನಿಕಲ್ಸನ್ 1976ರಲ್ಲಿ ತಂದ ಹಾಸನ ಜಿಲ್ಲೆಯ ಸಸ್ಯಸಂಪುಟ ಹಿಡಿದು ಕಾಡು ಸುತ್ತಿದವರಿಗೆ ಇದು ಅಭ್ಯಾಸ. ಎಲೆ ಎದುರುಬದುರೋ ಒಂದುಬಿಟ್ಟೊಂದೋ? ಎದುರುಬದುರಾದರೆ ಇಲ್ಲಿಗೆ ಹೋಗು. ಹಾಲು ಒಸರುತ್ತದೋ ಇಲ್ಲವೋ? ಒಸರಿದರೆ ಅಲ್ಲಿಗೆ ಹೋಗು. ಹೀಗೆ ಹತ್ತು ಹನ್ನೆರಡು ಕವಲು ದಾಟಿದರೆ ಸಾವಿರದಲ್ಲಿ ಒಂದು ಹೆಸರಿಗೆ ಬಂದು ನಿಲ್ಲುತ್ತೀರಿ. ಇದರ ಶಾಪ ಎಲ್ಲರಿಗೂ ಗೊತ್ತು: ಮೊದಲ ಕವಲಿನಲ್ಲಿ ತಪ್ಪಿದರೆ ಮುಂದಿನದೆಲ್ಲ ಶ್ರದ್ಧೆಯಿಂದ ಮಾಡಿದ ತಪ್ಪು. ಇದರ ವರವನ್ನು ಮಾತ್ರ ಜನ ಮರೆಯುತ್ತಾರೆ. ಎಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸಿ ವಾಪಸು ನಡೆದು ಬರಬಹುದು. ನನ್ನ ಫೋನಿನ 96ರಲ್ಲಿ ಹಿಂದಕ್ಕೆ ನಡೆಯಲು ಮೆಟ್ಟಿಲೇ ಇರಲಿಲ್ಲ. ಇನ್ನೊಂದು, ಕವಲುಕೀಲಿ ನಮಗೆ ಗೊತ್ತಿರುವುದನ್ನು ಮತ್ತೆ ಕೇಳುವುದಿಲ್ಲ. ಟೊಮೆಟೊ ನೆಟ್ಟವನಿಗೆ ತಾನು ನೆಟ್ಟದ್ದು ಟೊಮೆಟೊ ಎಂದು ಗೊತ್ತು. 38 ಖಾನೆಯ ಮಾದರಿ ಸೇಬಿನ ಹುರುಪೆ ರೋಗಕ್ಕೂ ತನ್ನ ರೂಪಾಯಿಯಲ್ಲಿ ಒಂದಿಷ್ಟು ಪೈಸೆ ಹಂಚುತ್ತದೆ.

ಕವಲಿನ ಶಾಪಕ್ಕೆ ಪರಿಹಾರ ಹುಡುಕಿದವರೂ ಇದ್ದಾರೆ. ಡೀಟರಿಚ್ ಮತ್ತು ಬಕಿರಿ 1995ರಲ್ಲಿ ಸೂಚಿಸಿದ ಉಪಾಯ ಜಾಣತನದ್ದು: ಪ್ರತಿ ಖಾನೆಗೂ ಹೌದು-ಅಲ್ಲಗಳ ಒಂದು ಉದ್ದ ಸರಣಿಯನ್ನು ಗುರುತಾಗಿ ಕೊಡಿ, ಸರಣಿಗಳು ಒಂದಕ್ಕೊಂದು ಸಾಕಷ್ಟು ದೂರ ಇರಲಿ, ಆಗ ಒಂದೆರಡು ಪ್ರಶ್ನೆಗೆ ಉತ್ತರ ತಪ್ಪಿದರೂ ಹತ್ತಿರದ ಸರಣಿಯೇ ಸರಿಯಾದದ್ದಾಗಿರುತ್ತದೆ. ಸಂದೇಶದ ತಪ್ಪು ತಿದ್ದುವ ದೂರಸಂಪರ್ಕದ ವಿದ್ಯೆ ಇದು. ತಪ್ಪು ಕಡಿಮೆಯಾಗುತ್ತದೆ, ನಿಜ. ಆದರೆ ಆ ಪ್ರಶ್ನೆಗಳು 'ಮೂರು, ಐದು, ಒಂಬತ್ತನೆಯ ರೋಗಗಳ ಗುಂಪೋ, ಉಳಿದವುಗಳ ಗುಂಪೋ' ಎಂಬಂಥವು. ಹಾಲು ಒಸರುತ್ತದೋ ಎಂಬ ಪ್ರಶ್ನೆಯಲ್ಲಿರುವ ಅರ್ಥ ಅವಕ್ಕಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಅನುಮಾನವನ್ನು ಹೇಳಿಬಿಡುತ್ತೇನೆ. ಯಾವ ವಿಧಾನ ಹೆಚ್ಚು ಸರಿ ಎಂಬ ಪ್ರಶ್ನೆಯನ್ನು ನಾವು ಬೇಗ ಕೇಳುತ್ತೇವೆ. ಹೆಸರಿನ ಪಟ್ಟಿ ಮುಗಿದಿದೆಯೇ ಎಂಬುದನ್ನು ಕೇಳುವುದೇ ಇಲ್ಲ. ಶ್ರೀನಿವಾಸಪುರದ ಮಾವಿನ ಮಂಡಿಗೆ ಬರುವ ತೋತಾಪುರಿ, ಬೇನಿಶಾ, ಬಾದಾಮಿ, ರಸಪುರಿ, ನೀಲಂ, ಮಲ್ಲಿಕಾಗಳನ್ನು ಬೇರ್ಪಡಿಸುವ ಯಂತ್ರ ಮಾಡುವುದಾದರೆ ಕಣ್ಣುಮುಚ್ಚಿ ಸಾಫ್ಟ್‌ಮ್ಯಾಕ್ಸ್ ಹಾಕಿ. ಪಟ್ಟಿ ಮುಗಿದಿದೆ, ಬೆಳೆಗಾರನೇ ಹೇಳಿ ತಂದಿರುತ್ತಾನೆ, ತಪ್ಪಿದರೆ ಹೋಗುವುದು ಒಂದು ಬುಟ್ಟಿಯ ಬೆಲೆ. ಪಟ್ಟಿ ತೆರೆದೇ ಇರುವ ಕಡೆ ಕಥೆ ಬೇರೆ. ಅಂಥ ಕಥೆಯೊಂದು ನಮ್ಮ ಊರಿನ ನೆಲದಡಿಯಲ್ಲೇ ನಡೆದಿದೆ.

ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿಯ ಹೀತ್‌ಕೋಟ್ ಶಾಫ್ಟಿನಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯದವರು ಸೇರಿ ಉಪಕರಣ ನಿಲ್ಲಿಸಿದ್ದರು. ಎಂ.ಜಿ.ಕೆ. ಮೆನನ್, ಬಿ.ವಿ. ಶ್ರೀಕಂಠನ್, ವಿ.ಎಸ್. ನರಸಿಂಹಂ, ಮಿಯಾಕೆ, ವುಲ್ಫೆಂಡೇಲ್ ಆ ತಂಡದ ಹೆಸರುಗಳು. ಎದುರುಬದುರು, ಕಣ ಹಾದರೆ ಮಿಂಚುವ ಪ್ಲಾಸ್ಟಿಕ್ಕಿನ ಗೋಡೆ, ನಡುವೆ ನಿಯಾನ್ ಕೊಳವೆಗಳ ಸಾಲು. ಕಣವೊಂದು ಹಾದುಹೋದ ದಾರಿಯಲ್ಲಿ ಕೊಳವೆಗಳು ಮಿನುಗುತ್ತವೆ, ಗೆರೆ ಕಾಣುತ್ತದೆ. ಆ ಗೆರೆ ಯಾವುದರದು? ವಿಂಗಡಣೆಯ ಮುಖ್ಯ ಪ್ರಶ್ನೆ ಒಂದೇ: ಓರೆ ಎಷ್ಟು? ಆಕಾಶದಿಂದ ಬರುವ ಮ್ಯುಯಾನ್ ಎಂಬ ಕಣ ನೆಟ್ಟಗೆ ಇಳಿದರೆ 2.3 ಕಿಲೋಮೀಟರ್ ಬಂಡೆ ದಾಟಿದರೆ ಸಾಕು. ಓರೆಯಾಗಿ ಬಂದರೆ ದಾಟಬೇಕಾದ ಬಂಡೆ ಎಷ್ಟೋ ಪಟ್ಟು ಹೆಚ್ಚು, ನಡುದಾರಿಯಲ್ಲೇ ಸಾಯುತ್ತದೆ. ಅಡ್ಡಕ್ಕೆ ಬಾಗಿದ ಗೆರೆ ಕಂಡರೆ ಅದು ಪಕ್ಕದ ಬಂಡೆಯೊಳಗೆ ನ್ಯೂಟ್ರಿನೊ ಎಂಬ ಇನ್ನೊಂದು ಕಣ ಹುಟ್ಟಿಸಿದ ಮ್ಯುಯಾನ್. ಹೀಗೆ 1965ರಲ್ಲಿ ವಾತಾವರಣದ ನ್ಯೂಟ್ರಿನೊ ಗುರುತು ಸಿಕ್ಕಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇದೇ ಬೆನ್ನುಹತ್ತಿದ್ದ ರೈನ್ಸ್ ತಂಡಕ್ಕಿಂತ ಎರಡು ವಾರ ಮೊದಲು ಕೋಲಾರದ ವರದಿ ಅಚ್ಚಾಯಿತು. ಒಂದು ಹೌದು-ಅಲ್ಲ ಪ್ರಶ್ನೆಯ ಗೆಲುವು ಅದು.

ಆಮೇಲೆ ಬಂದವು ಯಾವ ಖಾನೆಗೂ ಹೋಗದ ಗೆರೆಗಳು. ಎರಡು ಮೂರು ಗೆರೆಗಳು ಒಂದು ಬಿಂದುವಿನಿಂದ ಹೊರಟಿವೆ. ಆ ಬಿಂದು ಬಂಡೆಯೊಳಗಿಲ್ಲ, ಬಂಡೆಗೂ ಉಪಕರಣಕ್ಕೂ ನಡುವಿನ ಖಾಲಿ ಗಾಳಿಯಲ್ಲಿದೆ. ನ್ಯೂಟ್ರಿನೊ ಗಾಳಿಗೆ ಡಿಕ್ಕಿ ಹೊಡೆಯುವುದು ಲೆಕ್ಕಕ್ಕೆ ಸಿಗದಷ್ಟು ಅಪರೂಪ. ಇಂಥವು ಸಿಕ್ಕಿದ್ದು ಕೈಬೆರಳಲ್ಲಿ ಎಣಿಸುವಷ್ಟು. ತಂಡ 1975ರಲ್ಲಿ ಪ್ರಕಟಿಸಿತು, ಹೊಸ ಭಾರವಾದ ಕಣವೊಂದು ಒಡೆಯುತ್ತಿರಬಹುದು ಎಂದಿತು. ಭೌತವಿಜ್ಞಾನದಲ್ಲಿ ಅವಕ್ಕೆ ಕೋಲಾರ್ ಘಟನೆಗಳು ಎಂದೇ ಹೆಸರು. ಬೇರೆ ಯಾವ ಪ್ರಯೋಗವೂ ಅದನ್ನು ಖಚಿತಪಡಿಸಲಿಲ್ಲ. 2014ರಲ್ಲಿ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಕಪ್ಪುದ್ರವ್ಯದ ಕಣಗಳಿರಬಹುದೇ ಎಂದು ಮತ್ತೆ ಕೆದಕಿದರು.

ತೆರೆದ ಖಾನೆಯ ಪರ ವಾದಿಸುವವನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ತಿಳಿದ ಹೆಸರುಗಳಲ್ಲಿ ಹತ್ತಿರದ್ದಕ್ಕೆ ತಳ್ಳಿಬಿಟ್ಟಿದ್ದರೆ ಆ ಗೆರೆಗಳು ನ್ಯೂಟ್ರಿನೊ ಕಡತದಲ್ಲಿ ಸತ್ತುಹೋಗುತ್ತಿದ್ದವು. ಆದರೆ ಎದುರುವಾದಕ್ಕೂ ಸಾಕ್ಷಿ ಅದೇ ಗಣಿಯಲ್ಲಿದೆ. 1980ರಲ್ಲಿ ಅಲ್ಲಿ 140 ಟನ್ನಿನ ಹೊಸ ಉಪಕರಣ ಕೆಲಸ ಶುರುಮಾಡಿತು, ಪ್ರೋಟಾನ್ ಸಾಯುತ್ತದೆಯೇ ಎಂದು ನೋಡಲು. ಕೆಲವು ಘಟನೆಗಳನ್ನು ಪ್ರೋಟಾನಿನ ಸಾವಿನ ಅಭ್ಯರ್ಥಿಗಳೆಂದು ತಂಡ ಮುಂದಿಟ್ಟಿತು. ಅಮೆರಿಕದ ಐಎಂಬಿ, ಜಪಾನಿನ ಕಾಮಿಯೊಕಾಂಡೆ ಎಂಬ ಇನ್ನೂ ದೊಡ್ಡ ಉಪಕರಣಗಳಿಗೆ ಅಂಥದ್ದು ಕಾಣಲಿಲ್ಲ. ನ್ಯೂಟ್ರಿನೊ ಎಂಬ ಹಳೆಯ ಖಾನೆಯೇ ಅವಕ್ಕೆ ಸಾಕಿತ್ತು ಎಂಬುದು ಇಂದಿನ ತೀರ್ಪು. ಹೊಸ ಖಾನೆ ತೆರೆಯುವ ಉತ್ಸಾಹ ಒಮ್ಮೆ ದಾರಿ ತಪ್ಪಿಸಿತು, ಇನ್ನೊಮ್ಮೆ ಒಗಟನ್ನು ಉಳಿಸಿತು. ಯಾವುದು ಯಾವಾಗ ಎಂದು ಆ ಹೊತ್ತಿನಲ್ಲಿ ತಿಳಿಯುವಂತಿರಲಿಲ್ಲ. ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಪಂಪುಗಳು ನಿಂತವು, ನೀರು ಏರಿತು. ಅದೇ ಜಾಗದಲ್ಲಿ ಮತ್ತೆ ನೋಡುವ ದಾರಿಯೂ ಇಲ್ಲ.

ಇನ್ನು, ಖಾನೆಗಳನ್ನು ಹೆಚ್ಚಿಸುವ ಬದಲು ಕಡಿಮೆ ಮಾಡುವುದೇ ಜಾಣತನವಾಗುವ ಪ್ರಸಂಗವೂ ಉಂಟು. ಹೊಲದಲ್ಲಿ ಹಾವು ಕಚ್ಚಿದವನನ್ನು ಆಸ್ಪತ್ರೆಗೆ ತಂದರೆ ಎಲ್ಲರದೂ ಒಂದೇ ಪ್ರಶ್ನೆ, ಯಾವ ಹಾವು? ನಾಗರವೋ, ಕಟ್ಟುಹಾವೋ, ಕೊಳಕುಮಂಡಲವೋ, ಗರಗಸಮಂಡಲವೋ? ಭಾರತದಲ್ಲಿ ಬಳಸುವ ಪ್ರತಿವಿಷ ಈ ನಾಲ್ಕಕ್ಕೂ ಒಂದೇ. ಹಾಗಾಗಿ ವೈದ್ಯರಿಗೆ ಹೆಸರಿಗಿಂತ ಮೊದಲು ಬೇಕಾದ್ದು, ವಿಷ ಏರಿದೆಯೋ ಇಲ್ಲವೋ. ಅದಕ್ಕೊಂದು ಪರೀಕ್ಷೆ ಇದೆ, ನೋಡಲು ಬಲು ಸಾದಾ. ಸ್ವಚ್ಛವಾದ, ಒಣಗಿದ ಹೊಸ ಗಾಜಿನ ಕೊಳವೆಯಲ್ಲಿ ಎರಡು ಮಿಲಿಲೀಟರ್ ರಕ್ತ ಬಿಟ್ಟು, ಅಲುಗಿಸದೆ 20 ನಿಮಿಷ ನಿಲ್ಲಿಸುತ್ತಾರೆ. ಆಮೇಲೆ ಓರೆ ಮಾಡುತ್ತಾರೆ. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ವಿಷ ಕೆಲಸ ಶುರುಮಾಡಿದೆ. ನಾಗರ, ಕಟ್ಟುಹಾವಿನ ವಿಷಕ್ಕೆ ಈ ಕೊಳವೆ ಏನೂ ಹೇಳುವುದಿಲ್ಲ. ಅಲ್ಲಿ ರೆಪ್ಪೆ ಜೋಲುತ್ತದೆಯೇ, ಉಸಿರು ಕಟ್ಟುತ್ತದೆಯೇ ಎಂದು ನೋಡಬೇಕು. ಕಚ್ಚಿದ ಹಾವನ್ನು ಹೊಡೆದು ಚೀಲದಲ್ಲಿ ತರುವ ಸಾಹಸಕ್ಕೆ ಹೋಗಿ ಇನ್ನೊಂದು ಕಡಿತ ತಿನ್ನುವುದು ಬೇಡ ಎಂಬುದು ಈ ಎರಡು ಖಾನೆಯ ಲೆಕ್ಕದಿಂದ ಸಿಗುವ ದೊಡ್ಡ ಉಪಕಾರ.

ಆದರೆ ನಾಲ್ಕನ್ನು ಒಂದು ಮಾಡಿದ್ದಕ್ಕೆ ಬೆಲೆಯೂ ಇದೆ. ಪ್ರತಿವಿಷಕ್ಕೆ ಬೇಕಾದ ವಿಷ ಬಹುಪಾಲು ಬರುವುದು ಚೆನ್ನೈ ಹತ್ತಿರದ ಇರುಳರ ಸಹಕಾರ ಸಂಘದಿಂದ. ಅದೇ ಜಾತಿಯ ಹಾವಿನ ವಿಷ ಊರಿಂದ ಊರಿಗೆ ಬದಲಾಗುತ್ತದೆ, ಕೆಲವು ಕಡೆಯ ವಿಷದ ಮುಂದೆ ಈ ಔಷಧ ಸೋಲುತ್ತದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ಪ್ರಯೋಗಾಲಯ ತೋರಿಸಿದೆ. ಮಲೆನಾಡಿನ ಗುಳಿಮಂಡಲಗಳು ಆ ನಾಲ್ಕರಲ್ಲಿ ಇಲ್ಲವೇ ಇಲ್ಲ. ಹಾಸಿಗೆ ಪಕ್ಕದಲ್ಲಿ ಎರಡು ಖಾನೆ ಸಾಕು. ಔಷಧ ತಯಾರಿಸುವವನಿಗೆ ನಾಲ್ಕೂ ಸಾಲದು. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪಟ್ಟಿಗೆ ಸೇರಿಸಿದ್ದರಿಂದ, ಎಲ್ಲೆಲ್ಲಿ ಎಷ್ಟು ಎಂಬ ಲೆಕ್ಕವಾದರೂ ಸಿಗತೊಡಗಿದೆ.

ಬೂದಿಕೋಟೆ ದಾರಿಗೆ ಮರಳಿದರೆ, ನನ್ನ ಒಲವು ಬೆಳೆರೋಗದ ಮಟ್ಟಿಗೆ ಒಂದೇ ಕಣ್ಣು, ಬೇರೆ ಬೇರೆ ಬಾಯಿ ಎಂಬ ಮಿಶ್ರಣದ ಕಡೆ. ಚುಕ್ಕೆ, ಅಂಚು, ಬಣ್ಣ ಕಲಿಯುವ ಭಾಗ ಎಲ್ಲ ರೋಗಕ್ಕೂ ಒಂದೇ ಇರಲಿ, ತೀರ್ಪು ಮಾತ್ರ ಪ್ರತಿ ರೋಗಕ್ಕೂ ಬೇರೆ ಇರಲಿ. ಯಾರೂ ಹೌದೆನ್ನದಿದ್ದರೆ 'ಗೊತ್ತಿಲ್ಲ' ಎನ್ನಲಿ. ಇಂಥ ಜಾಲ ಕಟ್ಟುವುದು ಈಗ ಕಷ್ಟವೂ ಅಲ್ಲ. ಇದನ್ನು ಚಿಕ್ಕಪ್ಪನಿಗೆ ವಿವರಿಸಿದೆ. ಹೊಸಬ ಬಂದರೆ ಸುಳ್ಳು ಹೆಸರು ಹೇಳುವುದಿಲ್ಲ, ಗೊತ್ತಿಲ್ಲ ಅನ್ನುತ್ತದೆ ಎಂದೆ.

"ಗೊತ್ತಿಲ್ಲ ಅನ್ನೋಕೆ ಫೋನು ಯಾಕಪ್ಪಾ? ಅಷ್ಟು ನಾನೇ ಅಂತೀನಲ್ಲ" ಅಂದ. ನನ್ನ ಬಳಿ ತಕ್ಷಣಕ್ಕೆ ಉತ್ತರವಿರಲಿಲ್ಲ. ಹತ್ತು ಸಲಕ್ಕೆ ನಾಲ್ಕು ಸಲ ಗೊತ್ತಿಲ್ಲ ಎನ್ನುವ ಆ್ಯಪನ್ನು ಯಾರೂ ಫೋನಿನಲ್ಲಿ ಉಳಿಸಿಕೊಳ್ಳುವುದಿಲ್ಲ. ಪೂರ್ತಿ ಖಾತ್ರಿಯಿಂದ ತಪ್ಪು ಹೇಳುವುದನ್ನು ನಾನು ಒಂದು ವರ್ಷ ಉಳಿಸಿಕೊಂಡಿದ್ದೆ.

ಅವನು ಅಂಗಮಾರಿಯ ಔಷಧ ಹೊಡೆಯಲಿಲ್ಲ. ಸಾಲಿನ ನಡುವೆ ಪ್ಲಾಸ್ಟಿಕ್ ಬೋಗುಣಿಯಲ್ಲಿ ನೀರಿಟ್ಟು, ಮೇಲೆ ಊಜಿಯ ಗಂಡುಗಳನ್ನು ಸೆಳೆಯುವ ವಾಸನೆಯ ಬಿರಡೆ ಕಟ್ಟಿದ. ಮಾರನೆಯ ಬೆಳಿಗ್ಗೆ ಹೋದಾಗ ನೀರಿನ ಮೇಲೆ ಬೂದುಬಣ್ಣದ ಸಣ್ಣ ಪತಂಗಗಳು ತೇಲುತ್ತಿದ್ದವು; ಅವುಗಳ ಜೊತೆ ಬಿಳಿನೊಣ, ಒಂದೆರಡು ಜೀರುಂಡೆ, ಹೆಸರು ಹೇಳಲಾಗದ ಹತ್ತಾರು ಪುಟ್ಟ ಹುಳು. ಕಡ್ಡಿಯ ತುದಿಯಿಂದ ಊಜಿಗಳನ್ನಷ್ಟೇ ಒಂದೊಂದಾಗಿ ಪಕ್ಕಕ್ಕೆ ತಳ್ಳಿ ಎಣಿಸಿದ. ಮಿಕ್ಕಿದ್ದನ್ನು ನೀರಿನ ಸಮೇತ ಬದುವಿನ ಮೇಲೆ ಚೆಲ್ಲಿದ.